ಗೋಡೆಯ ಮುಂದೆ ನಿಂತು ಏನು ಮಾಡಬೇಕು? ಗ್ಯಾಲರಿಗೆ ಹೊಸಬರಾದವರಿಗೆ

ಮೊದಲ ಸಲ ಸಮಕಾಲೀನ ಕಲೆಯ ಗ್ಯಾಲರಿಗೆ ಹೋದಾಗ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಿದ್ದು ಒಂದು ಪುಟ್ಟ ಬಿಳಿ ಪೆಟ್ಟಿಗೆಯನ್ನು. ಮೂಲೆಯಲ್ಲಿ ಸೊಂಟದೆತ್ತರಕ್ಕೆ ಗೋಡೆಗೆ ಕೂರಿಸಿದ್ದರು. ಅದರ ಮೇಲೆ ಎರಡು ಅಂಕಿಗಳು, ಆಗಾಗ ತುಸು ಏರುಪೇರಾಗುತ್ತಿದ್ದವು. ಕಾಲ, ಕ್ಷಣಿಕತೆ ಅಂತೆಲ್ಲ ಮನಸ್ಸಿನಲ್ಲೇ ಒಂದು ವ್ಯಾಖ್ಯಾನ ಕಟ್ಟಿಕೊಂಡೆ. ಪಕ್ಕದಲ್ಲಿ ಲೇಬಲ್ ಕಾಣಲಿಲ್ಲ. ಇದು ಯಾರ ಕೃತಿ ಎಂದು ಅಲ್ಲೇ ಕಾವಲಿಗೆ ನಿಂತಿದ್ದವರನ್ನು ಕೇಳಿದೆ. “ಅದು ಕೋಣೆಯ ತೇವ, ಬಿಸಿ ಅಳೆಯೋದು” ಎಂದರು. ಪಾಪ, ನಗಲಿಲ್ಲ.

ಈ ಎಡವಟ್ಟು ನನ್ನೊಬ್ಬನದಲ್ಲ ಎಂದು ಆಮೇಲೆ ತಿಳಿದು ಸಮಾಧಾನವಾಯಿತು. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಹದಿಹರೆಯದ ಹುಡುಗನೊಬ್ಬ ತಮಾಷೆಗೆ ಒಂದು ಕನ್ನಡಕವನ್ನು ನೆಲದ ಮೇಲಿಟ್ಟು ದೂರ ಸರಿದ. ಜನ ಬಂದು ಸುತ್ತ ನಿಂತು ನೋಡಿದರು, ಫೋಟೊ ತೆಗೆದರು. ಇದರ ಉಲ್ಟಾ ಆಗಿರುವುದೂ ಉಂಟು. 2015ರಲ್ಲಿ ಇಟಲಿಯ ಬೊಲ್ಜಾನೊದ ಮ್ಯೂಸಿಯೋನ್ ಸಂಗ್ರಹಾಲಯದಲ್ಲಿ ಖಾಲಿ ಬಾಟಲಿ, ಸಿಗರೇಟಿನ ತುಂಡು, ಬಣ್ಣದ ಕಾಗದದ ಚೂರುಗಳಿಂದ ಮಾಡಿದ್ದ ಕೃತಿಯೊಂದನ್ನು ಸ್ವಚ್ಛತಾ ಸಿಬ್ಬಂದಿ ಯಾವುದೋ ಪಾರ್ಟಿಯ ಕಸ ಅಂದುಕೊಂಡು ಚೀಲಕ್ಕೆ ತುಂಬಿಬಿಟ್ಟಿದ್ದರು.

ನಾನು ಕಲಾ ವಿಮರ್ಶಕನಲ್ಲ, ಒಂದು ನೆಟ್ಟಗಿನ ಗೆರೆ ಎಳೆಯಲೂ ಬಾರದು. ಕೆಲವು ವರ್ಷಗಳಿಂದ ಹೋಗುತ್ತ, ಪೆಚ್ಚಾಗುತ್ತ, ಮತ್ತೆ ಹೋಗುತ್ತ ಒಂದಷ್ಟು ರೂಢಿಗಳು ಕೈಹತ್ತಿವೆ. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇವೆಲ್ಲದರ ಬೇರು ಒಂದೇ. ಕೃತಿಯ ಮುಂದೆ ನಿಂತ ಕೂಡಲೇ ನಾವು ಕೇಳುವ ಪ್ರಶ್ನೆ ‘ಇದರ ಅರ್ಥ ಏನು?’ ಎಂಬುದು. ನನ್ನ ಮಟ್ಟಿಗೆ ಅದು ದಾರಿ ಮುಚ್ಚುವ ಪ್ರಶ್ನೆ. ಬದಲಿಗೆ ‘ಇಲ್ಲಿ ಯಾರೋ ಏನೋ ಮಾಡಿದ್ದಾರೆ, ಯಾವುದರಿಂದ, ಹೇಗೆ ಮಾಡಿದ್ದಾರೆ?’ ಎಂದು ಕೇಳಿಕೊಂಡರೆ ನೋಡುವುದಕ್ಕೆ ಏನಾದರೂ ಸಿಗುತ್ತದೆ. ಅರ್ಥ ಬರುವುದಿದ್ದರೆ ಅದರ ಹಿಂದೆಯೇ ಬರುತ್ತದೆ.

ಹೋಗುವ ಮೊದಲು

ಗ್ಯಾಲರಿ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಜಾಗಗಳನ್ನು ಕರೆಯುತ್ತೇವೆ. ಕೃತಿಗಳನ್ನು ಮಾರುವ ಗ್ಯಾಲರಿಗಳಿವೆ. ಅಲ್ಲಿ ಸಾಮಾನ್ಯವಾಗಿ ಪ್ರವೇಶಕ್ಕೆ ಹಣ ಕೇಳುವುದಿಲ್ಲ, ಒಬ್ಬರೋ ಇಬ್ಬರೋ ಕಲಾವಿದರ ಇತ್ತೀಚಿನ ಕೆಲಸ ಕೆಲವು ವಾರಗಳ ಕಾಲ ಇರುತ್ತದೆ. ಸಂಗ್ರಹಾಲಯಗಳು ಮಾರುವುದಿಲ್ಲ, ಕೂಡಿಟ್ಟು ತೋರಿಸುತ್ತವೆ. ಬಿನಾಲೆಗಳು ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗಳು, ವೆನಿಸ್‌ನದು 1895ರಿಂದ ನಡೆದು ಬಂದಿದೆ. ಹೊಸಬರು ಬಿನಾಲೆಯಿಂದ ಶುರು ಮಾಡಬೇಡಿ. ಹತ್ತಾರು ಕಟ್ಟಡ, ನೂರಾರು ಕೃತಿ, ಕೊನೆಗೆ ನೆನಪಿನಲ್ಲಿ ಉಳಿಯುವುದು ಕಾಲುನೋವು. ಎರಡು ಮೂರು ಕೋಣೆಗಳ, ಒಬ್ಬರೇ ಕಲಾವಿದರ ಪ್ರದರ್ಶನ ನೋಡಿ. ಒಂದೇ ಕೈಯ ಹತ್ತು ಕೆಲಸಗಳನ್ನು ಒಟ್ಟಿಗೆ ನೋಡಿದಾಗ ಆ ಕೈಯ ಹಟಗಳು, ಚಾಳಿಗಳು ತಾವಾಗಿಯೇ ಕಾಣತೊಡಗುತ್ತವೆ.

ಉದ್ಘಾಟನೆಯ ಸಂಜೆ ಹೋಗಲೇಬೇಕೆಂದಿಲ್ಲ. ಅಂದು ಜನ ಜನರನ್ನು ನೋಡಲು ಬಂದಿರುತ್ತಾರೆ. ಗೋಡೆಗೆ ಬೆನ್ನು ಹಾಕಿ ನಿಂತಿರುತ್ತಾರೆ. ವಾರದ ನಡುವಿನ ದಿನ, ಬಾಗಿಲು ತೆರೆದ ಹೊತ್ತಿಗೆ ಹೋದರೆ ಇಡೀ ಕೋಣೆ ನಿಮ್ಮದೇ. ಮಾರುವ ಗ್ಯಾಲರಿಯ ಬಾಗಿಲು ದಾಟುವಾಗ ‘ಕೊಳ್ಳಲು ಬಂದಿಲ್ಲ, ಏನಂದುಕೊಳ್ಳುತ್ತಾರೋ’ ಎಂಬ ಅಳುಕು ನನಗೂ ಬಹಳ ಕಾಲ ಇತ್ತು. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ನೋಡಲೆಂದೇ ಬರುತ್ತಾರೆ ಎನ್ನುವುದು ಅವರಿಗೂ ಗೊತ್ತು.

ಬೆನ್ನಿಗೆ ಹಾಕುವ ಚೀಲವನ್ನು ಬಾಗಿಲಲ್ಲಿ ಕೊಡಿ, ಇಲ್ಲವೇ ಎದೆಗೆ ಹಾಕಿಕೊಳ್ಳಿ. ತಿರುಗುವಾಗ ಬೆನ್ನ ಹಿಂದೆ ಏನಿದೆ ಎಂದು ಚೀಲಕ್ಕೆ ಗೊತ್ತಿರುವುದಿಲ್ಲ.

ಒಳಗೆ ಬಂದ ಮೊದಲ ಹತ್ತು ನಿಮಿಷ

ಎಲ್ಲೂ ನಿಲ್ಲಬೇಡಿ. ಏನನ್ನೂ ಓದಬೇಡಿ. ಪ್ರದರ್ಶನ ಎಷ್ಟು ದೊಡ್ಡದೋ ಅಷ್ಟನ್ನೂ ಒಂದು ಸುತ್ತು ಹಾಕಿ, ಸಂತೆಯಲ್ಲಿ ಕೊಳ್ಳುವ ಮೊದಲು ಒಮ್ಮೆ ಕಣ್ಣಾಡಿಸುತ್ತೇವಲ್ಲ, ಹಾಗೆ. ಕಾಲು ಎಲ್ಲಿ ತಾನಾಗಿ ನಿಧಾನವಾಯಿತು, ಯಾವುದನ್ನು ಕಂಡು ಮೂಗು ಮುರಿದಿರಿ, ಯಾವುದನ್ನು ನೋಡಿಯೂ ನೋಡದಂತೆ ದಾಟಿದಿರಿ, ಇಷ್ಟನ್ನು ಗಮನಿಸಿಕೊಂಡರೆ ಸಾಕು.

ಆಮೇಲೆ ಮೂರು ಕೃತಿ ಆರಿಸಿಕೊಳ್ಳಿ. ಒಂದು, ಮೊದಲ ನೋಟಕ್ಕೇ ಹಿಡಿಸಿದ್ದು. ಎರಡನೆಯದು, ಸಿಟ್ಟು ಬರಿಸಿದ್ದು ಅಥವಾ ‘ಇದೇನು ತಮಾಷೆಯೇ’ ಅನ್ನಿಸಿದ್ದು. ಮೂರನೆಯದು, ಯಾವ ಭಾವನೆಯನ್ನೂ ಹುಟ್ಟಿಸದೆ ಸುಮ್ಮನೆ ಇದ್ದದ್ದು. ಉಳಿದವನ್ನು ಬಿಟ್ಟುಬಿಡಿ. ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಹಟ ನಮಗೆ ಪರೀಕ್ಷೆಯ ದಿನಗಳಿಂದ ಬಂದದ್ದು. ನನ್ನ ಅನುಭವದಲ್ಲಿ ಆ ಮೂರನೆಯ, ಸುಮ್ಮನಿದ್ದ ಕೃತಿಯೇ ಎಷ್ಟೋ ಸಲ ಮನೆಯವರೆಗೂ ಹಿಂದೆ ಬಂದಿದೆ.

ಒಂದರ ಮುಂದೆ ನಿಲ್ಲುವುದು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಜನ ಒಂದು ಕೃತಿಯನ್ನು ಎಷ್ಟು ಹೊತ್ತು ನೋಡುತ್ತಾರೆ ಎಂದು ಇಬ್ಬರು ಸಂಶೋಧಕರು ಅಳೆದು 2001ರಲ್ಲಿ ಪ್ರಕಟಿಸಿದರು. ಸರಾಸರಿ ಸಿಕ್ಕಿದ್ದು 27.2 ಸೆಕೆಂಡು. ಲೇಬಲ್ ಓದುವ ಹೊತ್ತೂ ಅದರಲ್ಲೇ ಸೇರಿದೆ. ಅದೂ ಹೆಸರಾಂತ ಕೃತಿಗಳ ಮುಂದೆ. ನನ್ನ ಫೋನಿನಲ್ಲಿ ಐದು ನಿಮಿಷದ ಗಂಟೆ ಇಟ್ಟುಕೊಂಡು ನಿಂತ ಮೊದಲ ದಿನ ಎರಡನೆಯ ನಿಮಿಷಕ್ಕೆ ಉಸಿರುಕಟ್ಟಿದಂತಾಗಿತ್ತು. ಏನು ನೋಡುವುದು? ನೋಡಿಯಾಯಿತಲ್ಲ!

ಆ ಎರಡನೆಯ ನಿಮಿಷ ದಾಟುವುದಕ್ಕೆ ಮೈಯನ್ನು ಬಳಸಬೇಕು. ದೂರ ಹೋಗಿ ನೋಡಿ. ಎಷ್ಟು ಹೆಜ್ಜೆ ಹಿಂದೆ ಸರಿದರೆ ಕೃತಿ ಒಂದೇ ನೋಟಕ್ಕೆ ಪೂರ್ತಿ ಕಾಣುತ್ತದೆ? ಹತ್ತಿರ ಬನ್ನಿ, ನೆಲದ ಮೇಲೆ ಗೆರೆ ಎಳೆದಿದ್ದರೆ ಅಲ್ಲಿಯವರೆಗೆ. ಬದಿಯಿಂದ ನೋಡಿ: ಬಣ್ಣ ಎಷ್ಟು ದಪ್ಪ ಕೂತಿದೆ, ಕ್ಯಾನ್ವಾಸಿನ ಅಂಚಿಗೂ ಬಳಿದಿದ್ದಾರೋ ಅಥವಾ ಅಲ್ಲಿಗೆ ನಿಲ್ಲಿಸಿದ್ದಾರೋ, ಕುಂಚದ ಗೀರು ಎತ್ತ ಕಡೆಗೆ ಎಳೆದಿದೆ. ಕುಕ್ಕರಗಾಲಲ್ಲಿ ಕೂತು ನೋಡಿ. ಯಾರಾದರೂ ನೋಡಿ ನಕ್ಕಾರು ಎಂಬ ಚಿಂತೆ ಬೇಡ. ಗ್ಯಾಲರಿಯಲ್ಲಿ ವಿಚಿತ್ರ ಭಂಗಿಯಲ್ಲಿ ನಿಂತವರನ್ನು ಜನ ಬಲ್ಲವರೆಂದು ತಿಳಿಯುತ್ತಾರೆ.

ದೂರವನ್ನು ಸಣ್ಣ ಸಂಗತಿ ಅಂದುಕೊಳ್ಳಬೇಡಿ. ಮಾರ್ಕ್ ರಾಥ್ಕೊ ಆಳೆತ್ತರ ಮೀರಿದ ಕ್ಯಾನ್ವಾಸುಗಳ ಮೇಲೆ ಬಣ್ಣದ ಮೋಡಗಳಂಥ ಆಯತಗಳನ್ನು ಬಿಡಿಸಿದ. ಆದರೆ ಅವನ್ನು ದೂರದಿಂದ ಭವ್ಯ ಎನ್ನುತ್ತ ನೋಡಬೇಕೆಂದು ಅವನಿಗಿರಲಿಲ್ಲ. ಹತ್ತಿರ ನಿಲ್ಲಬೇಕು, ಬಣ್ಣವೇ ನೋಡುವವರನ್ನು ಸುತ್ತುವರಿಯಬೇಕು ಎಂಬುದು ಅವನ ಆಸೆ. ಹತ್ತು ಅಡಿ ಹಿಂದಿನಿಂದ ಅದು ಎರಡು ಪಟ್ಟೆಗಳ ಪರದೆ. ಹತ್ತಿರ ನಿಂತರೆ ಅಂಚುಗಳು ಅಲುಗುತ್ತಿವೆ ಅನ್ನಿಸುತ್ತದೆ. ಇನ್ನೊಂದು ತುದಿಯಲ್ಲಿ ನಸ್ರೀನ್ ಮೊಹಮದಿ ಇದ್ದಾರೆ. ಶಾಯಿ, ಪೆನ್ಸಿಲು, ವಾಸ್ತುಶಿಲ್ಪಿಗಳು ಬಳಸುವಂಥ ಸಲಕರಣೆ ಹಿಡಿದು ಸಣ್ಣ ಕಾಗದದ ಮೇಲೆ ಗೆರೆಗಳನ್ನಷ್ಟೇ ಎಳೆದವರು. ಮುಖವನ್ನು ಗಾಜಿನ ಹತ್ತಿರ ತಂದಾಗ ತಿಳಿಯುತ್ತದೆ, ಎರಡು ಗೆರೆಗಳ ನಡುವಿನ ಅಂತರ ಒಂದೇ ಸಮ ಇಲ್ಲ, ಒತ್ತಡ ಬದಲಾಗುತ್ತಿದೆ, ಗೆರೆ ಉಸಿರಾಡುತ್ತಿದೆ ಎಂದು. ನನಗೆ ಅದು ತಿಳಿಯಲು ಪೂರಾ ನಾಲ್ಕು ನಿಮಿಷ ಬೇಕಾಯಿತು. ಮೊದಲ ಮೂರು ನಿಮಿಷ ಗ್ರಾಫ್ ಪೇಪರ್ ನೋಡುತ್ತಿದ್ದೇನೆ ಅಂದುಕೊಂಡಿದ್ದೆ.

ಅಂದ ಹಾಗೆ, ಕಾಗದದ ಕೃತಿಗಳಿರುವ ಕೋಣೆ ಮಬ್ಬಾಗಿರುತ್ತದೆ. ಜಿಪುಣತನವಲ್ಲ ಅದು. ಬೆಳಕು ಕಾಗದವನ್ನೂ ಬಣ್ಣವನ್ನೂ ತಿನ್ನುತ್ತದೆ, ಹಾಗಾಗಿ ಅಲ್ಲಿ ಬೆಳಕನ್ನು ಸುಮಾರು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆಮಾನ) ಆಸುಪಾಸಿನಲ್ಲಿ ಇಡುವುದು ರೂಢಿ. ಕಣ್ಣು ಒಗ್ಗಿಕೊಳ್ಳಲು ಒಂದೆರಡು ನಿಮಿಷ ಕೊಡಿ. ನನ್ನ ಬಿಳಿ ಪೆಟ್ಟಿಗೆಯೂ ಇದೇ ಕುಲದ್ದು: ತೇವ ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಬಿರುಕು.

ಲೇಬಲ್ಲನ್ನು ನಡುವಿನಿಂದ ಓದಿ

ಈಗ ಲೇಬಲ್‌ಗೆ ಬನ್ನಿ. ಅಲ್ಲಿ ಸಾಮಾನ್ಯವಾಗಿ ಕಲಾವಿದರ ಹೆಸರು, ಹುಟ್ಟಿದ ವರ್ಷ, ಕೃತಿಯ ಹೆಸರು, ಮಾಡಿದ ವರ್ಷ, ಮಾಧ್ಯಮ (ಅಂದರೆ ಯಾವ ವಸ್ತುಗಳಿಂದ ಮಾಡಿದ್ದು), ಅಳತೆ, ಯಾರಿಗೆ ಸೇರಿದ್ದು ಎಂಬ ವಿವರಗಳಿರುತ್ತವೆ. ಎಲ್ಲರೂ ಹೆಸರಿನಿಂದ ಶುರು ಮಾಡುತ್ತಾರೆ. ನೀವು ಮಾಧ್ಯಮದ ಸಾಲಿನಿಂದ ಶುರು ಮಾಡಿ. ಸಮಕಾಲೀನ ಕಲೆಯ ಅರ್ಧ ಗುಟ್ಟು ಆ ಸಾಲಿನಲ್ಲಿದೆ, ಹಾಗೂ ಅದು ಲೇಬಲ್ಲಿನಲ್ಲೇ ಅತ್ಯಂತ ಪ್ರಾಮಾಣಿಕ ಸಾಲು.

ಒಂದು ಉದಾಹರಣೆ. ಶೀಲಾ ಗೌಡ ಅವರ 1998ರ ಕೃತಿಯೊಂದು ದೂರದಿಂದ ಕೋಣೆಯಲ್ಲಿ ಇಳಿಬಿದ್ದು ನೆಲದ ಮೇಲೆ ಹರಿದಾಡುವ ಕೆಂಪು ಹಗ್ಗದಂತೆ ಕಾಣುತ್ತದೆ. ಕಣ್ಣಿಗೆ ಹಿತವಾಗಿದೆ, ಸರಿ, ಮುಂದೆ? ಮಾಧ್ಯಮದ ಸಾಲು ಓದಿ: ದಾರ, ಸೂಜಿ, ಕುಂಕುಮ, ಅಂಟು. ಆಮೇಲೆ ಹಗ್ಗದ ತುದಿ ಹುಡುಕಿಕೊಂಡು ಹೋದರೆ ಅಲ್ಲಿ ಸೂಜಿಗಳ ಗೊಂಚಲೇ ಇದೆ. ಅಂದರೆ ಒಂದೊಂದು ಎಳೆಯೂ ಒಂದೊಂದು ಸೂಜಿಯ ಕಣ್ಣಿನಿಂದ ಹಾದು ಬಂದಿದೆ. ಎಷ್ಟು ಹೊತ್ತಿನ ಕೆಲಸ, ಯಾರು ಮಾಡುವಂಥ ಕೆಲಸ, ಆ ಕೆಂಪು ಎಲ್ಲಿ ಇಡುವ ಕೆಂಪು ಎಂದು ತಲೆ ತಾನೇ ಓಡತೊಡಗುತ್ತದೆ. ಕೃತಿಯ ಹೆಸರು ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇಯ್ನ್’, ನನ್ನ ನೋವನ್ನು ಅವನಿಗೆ ಹೇಳು ಎಂದು. ಹೆಸರನ್ನು ಕೊನೆಗೆ ಓದಿದರೆ ಅದು ನಿಮ್ಮ ನೋಟಕ್ಕೆ ಉತ್ತರ ಕೊಟ್ಟಂತೆ ಕೇಳಿಸುತ್ತದೆ; ಮೊದಲೇ ಓದಿದ್ದರೆ ಆ ನೋವನ್ನೇ ಹುಡುಕುತ್ತ ಸೂಜಿ ಕಾಣದೇ ಹೋಗಬಹುದಿತ್ತು.

ಉಳಿದ ಸಾಲುಗಳು ಬೇಗ ಮುಗಿಯುತ್ತವೆ. ಅಳತೆಯಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಆಮೇಲೆ ಅಗಲ, ಕೊನೆಗೆ ಆಳ. ‘ಅಳತೆ ಬದಲಾಗುತ್ತದೆ’ ಎಂದಿದ್ದರೆ ಕೃತಿಯನ್ನು ಆಯಾ ಕೋಣೆಗೆ ತಕ್ಕಂತೆ ಹೊಸದಾಗಿ ಜೋಡಿಸುತ್ತಾರೆಂದು ಅರ್ಥ. 3/10 ಎಂಬಂಥ ಅಂಕಿ ಕಂಡರೆ ಆ ಮುದ್ರಣ ಅಥವಾ ಫೋಟೊದ ಹತ್ತು ಪ್ರತಿಗಳಲ್ಲಿ ಇದು ಮೂರನೆಯದು. ಕೆಂಪು ಚುಕ್ಕೆ ಅಂಟಿಸಿದ್ದರೆ ಮಾರಾಟವಾಗಿದೆ. ಇನ್ನು ‘ಶೀರ್ಷಿಕೆರಹಿತ’. ಹೊಸಬರಿಗೆ ಇಷ್ಟು ಸಿಟ್ಟು ಬರಿಸುವ ಮಾತು ಇನ್ನೊಂದಿಲ್ಲ, ಬಾಗಿಲು ತಟ್ಟಿದರೆ ಒಳಗಿಂದ ‘ಯಾರೂ ಇಲ್ಲ’ ಅಂದಂತೆ. ಮೊಹಮದಿಯವರಂತೂ ಹೆಚ್ಚಿನವಕ್ಕೆ ಹೆಸರನ್ನೂ ಕೊಡಲಿಲ್ಲ, ತಾರೀಖನ್ನೂ ಹಾಕಲಿಲ್ಲ. ಅದನ್ನು ಅಹಂಕಾರವೆಂದು ತಿಳಿಯದೆ, ಮಾತಿನ ಆಸರೆಯಿಲ್ಲದೆ ನೋಡಿ ಎಂಬ ಸೂಚನೆಯೆಂದು ಓದಿಕೊಂಡರೆ ಸಿಟ್ಟು ಇಳಿಯುತ್ತದೆ. ನನಗೆ ಅರ್ಧ ಇಳಿದಿದೆ.

‘ಇದು ನನಗೂ ಬರುತ್ತಿತ್ತು’ ಅನ್ನಿಸಿದಾಗ

ಅನ್ನಿಸುತ್ತದೆ. ಅನ್ನಿಸಲಿ. ಅದನ್ನು ನುಂಗಿಕೊಂಡು ಪಕ್ಕದವರಂತೆ ತಲೆಯಾಡಿಸುವುದಕ್ಕಿಂತ, ಆ ಮಾತನ್ನೇ ಮೆಟ್ಟಿಲು ಮಾಡಿಕೊಳ್ಳಬಹುದು. ಮೊದಲು ‘ಮಾಡಲು ನಿಜವಾಗಿ ಏನು ಬೇಕು’ ಎಂದು ಲೆಕ್ಕ ಹಾಕಿ. ಎಷ್ಟೋ ಸಲ ‘ಬರುತ್ತಿತ್ತು’ ಎಂಬುದು ಅಲ್ಲೇ ಬಿದ್ದುಹೋಗುತ್ತದೆ. ದೊಡ್ಡ ಕ್ಯಾನ್ವಾಸಿನ ಮೇಲೆ ಸಮನಾಗಿ ಬಣ್ಣ ಹರಡುವುದು ಎಷ್ಟು ಕಷ್ಟ ಎಂದು ಮನೆಯ ಗೋಡೆಗೆ ಬಳಿದು ನೋಡಿದವರಿಗೆ ಗೊತ್ತು. ಆದರೆ ನಿಜವಾಗಿಯೂ ಯಾರಾದರೂ ಮಾಡಬಹುದಾದ ಕೃತಿಗಳಿವೆ. ಅವೇ ಹೆಚ್ಚು ಸ್ವಾರಸ್ಯದವು.

1917ರಲ್ಲಿ ನ್ಯೂಯಾರ್ಕಿನಲ್ಲಿ ಕಲಾವಿದರ ಸಂಘವೊಂದು ಪ್ರದರ್ಶನ ಏರ್ಪಡಿಸಿತು. ಶುಲ್ಕ ಕೊಟ್ಟ ಯಾರ ಕೃತಿಯನ್ನೂ ನಿರಾಕರಿಸುವುದಿಲ್ಲ ಎಂಬುದು ಅದರ ನಿಯಮ. ಮಾರ್ಸೆಲ್ ದುಶಾಂಪ್ ಗಂಡಸರ ಮೂತ್ರಾಲಯದ ಪಿಂಗಾಣಿ ಬಟ್ಟಲೊಂದಕ್ಕೆ ‘ಆರ್. ಮಟ್’ ಎಂದು ಸಹಿ ಹಾಕಿ, ‘ಫೌಂಟನ್’ ಎಂದು ಹೆಸರಿಟ್ಟು ಕಳಿಸಿದ. ಯಾರನ್ನೂ ನಿರಾಕರಿಸದವರು ಅದನ್ನು ಪ್ರದರ್ಶಿಸಲಿಲ್ಲ. ಬಟ್ಟಲು ಆಮೇಲೆ ಕಳೆದೇಹೋಯಿತು. ಇಂದು ಸಂಗ್ರಹಾಲಯಗಳಲ್ಲಿ ಕಾಣುವವು ಬಹುಮಟ್ಟಿಗೆ 1964ರಲ್ಲಿ ಅವನ ಒಪ್ಪಿಗೆಯಿಂದ ಮಾಡಿದ ನಕಲುಗಳು. ಇಲ್ಲಿ ಕೈಚಳಕ ಹುಡುಕಿದರೆ ಸಿಗುವುದು ಕೊಳಾಯಿ ಸಾಮಾನಿನ ಕಾರ್ಖಾನೆಯದೇ. ‘ಇದನ್ನು ಇಲ್ಲಿಟ್ಟರೆ ನೀವೇನು ಮಾಡುತ್ತೀರಿ?’ ಎಂದು ಕೇಳುವ ನಡೆ ಮಾತ್ರ ದುಶಾಂಪ್‌ನದು. ಅದೇ ನಡೆಯನ್ನು ಇಂದು ಇನ್ನೊಬ್ಬರು ನಡೆದರೆ, ನನ್ನ ಅಭಿಪ್ರಾಯದಲ್ಲಿ, ಅದು ಬರೀ ಬಟ್ಟಲು.

ಕಾಜಿಮಿರ್ ಮಲೆವಿಚ್‌ನ ‘ಕಪ್ಪು ಚೌಕ’ 1915ರದು. ಅದನ್ನು ಪೆತ್ರೊಗ್ರಾದ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಪ್ರದರ್ಶನದಲ್ಲಿ ಗೋಡೆಯ ನಡುವೆ ತೂಗುಹಾಕಲಿಲ್ಲ. ಎರಡು ಗೋಡೆ ಕೂಡುವ ಮೂಲೆಯಲ್ಲಿ, ಮೇಲೆ, ರಷ್ಯದ ಮನೆಗಳಲ್ಲಿ ದೇವರ ಚಿತ್ರವನ್ನಿಡುವ ಜಾಗದಲ್ಲಿ ಇಟ್ಟಿದ್ದರು. ಚೌಕ ಯಾರಿಗೂ ಬರುತ್ತದೆ. ಆ ವರ್ಷ, ಆ ಮೂಲೆಯಲ್ಲಿ ಅದನ್ನಿಡುವ ಎದೆಗಾರಿಕೆ ಎಲ್ಲರಿಗೂ ಬರುವುದಿಲ್ಲ. ಹಾಗಾಗಿ ಲೇಬಲ್ಲಿನಲ್ಲಿ ವರ್ಷ ನೋಡುವುದು ಮುಖ್ಯ. ಎರಡು ಕೃತಿಗಳು ಒಂದೇ ಥರ ಕಂಡರೂ ನೂರು ವರ್ಷದ ಅಂತರವಿದ್ದರೆ ಒಂದೇ ಮಾತು ಹೇಳುತ್ತಿರುವುದಿಲ್ಲ.

ನನಗೆ ಬಹಳ ಪ್ರಿಯವಾದದ್ದು ರಾಬರ್ಟ್ ರಾಷೆನ್‌ಬರ್ಗ್ 1953ರಲ್ಲಿ ಮಾಡಿದ್ದು. ಆಗಲೇ ದೊಡ್ಡ ಹೆಸರಾಗಿದ್ದ ವಿಲೆಮ್ ಡಿ ಕೂನಿಂಗ್ ಬಳಿ ಹೋಗಿ, ನಿಮ್ಮದೊಂದು ರೇಖಾಚಿತ್ರ ಕೊಡಿ, ಅಳಿಸಬೇಕು ಎಂದು ಕೇಳಿದ. ಡಿ ಕೂನಿಂಗ್ ಇಷ್ಟವಿಲ್ಲದೆಯೇ ಒಪ್ಪಿ, ಅಳಿಸಲು ಕಷ್ಟವಾಗುವಂಥ, ಕಳೆದುಕೊಂಡರೆ ತನಗೂ ಬೇಸರವಾಗುವಂಥ ಒಂದನ್ನೇ ಆರಿಸಿ ಕೊಟ್ಟ. ರಬ್ಬರು ಹಿಡಿದು ವಾರಗಟ್ಟಲೆ ಅಳಿಸಿದ ಮೇಲೆ ಉಳಿದದ್ದು ಕಲೆಗಟ್ಟಿದ ಒಂದು ಹಾಳೆ. ಚಿನ್ನದ ಬಣ್ಣದ ಚೌಕಟ್ಟು, ಕೆಳಗೆ ಹೆಸರು. ಲೇಬಲ್ ತೆಗೆದರೆ ಅಲ್ಲಿ ಏನೂ ಇಲ್ಲ. ಲೇಬಲ್ ಓದಿದ ಮೇಲೆ ಇಬ್ಬರು ಕಲಾವಿದರು, ಒಬ್ಬರ ಗೌರವ, ಇನ್ನೊಬ್ಬರ ಔದಾರ್ಯ, ತುಸು ತುಂಟತನ, ಎಲ್ಲವೂ ಇದೆ. ಇದು ಮೋಸ ಅಂತ ನಿಮಗೆ ಅನ್ನಿಸಿದರೆ ನಾನು ವಾದ ಮಾಡುವುದಿಲ್ಲ. ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು.

ಮಾರ್ಟಿನ್ ಕ್ರೀಡ್‌ನ 2000ದ ಕೃತಿಯೊಂದರಲ್ಲಿ ಖಾಲಿ ಕೋಣೆಯ ದೀಪ ಐದು ಸೆಕೆಂಡು ಉರಿಯುತ್ತದೆ, ಐದು ಸೆಕೆಂಡು ಆರುತ್ತದೆ. ಅಷ್ಟೇ. ಮರುವರ್ಷ ಅವನಿಗೆ ಸಮಕಾಲೀನ ಕಲೆಗೆ ಬ್ರಿಟನ್ನಿನಲ್ಲಿ ಕೊಡುವ ಟರ್ನರ್ ಪ್ರಶಸ್ತಿ ಬಂತು. ಇಲ್ಲಿ ಮಾತ್ರ ನಾನು ಇನ್ನೂ ಬಾಗಿಲ ಹೊರಗೇ ನಿಂತಿದ್ದೇನೆ.

ಗೋಡೆ ಬಿಟ್ಟು ನೆಲಕ್ಕಿಳಿದ ಕೃತಿಗಳು

ಇನ್‌ಸ್ಟಲೇಷನ್, ಅಂದರೆ ಒಂದು ಜಾಗವನ್ನೇ ಕೃತಿಯಾಗಿ ಜೋಡಿಸಿದ್ದು, ಎದುರು ನಿಂತು ನೋಡುವುದಲ್ಲ, ಒಳಹೊಕ್ಕು ನೋಡುವುದು. ಇಲ್ಲಿ ಕೇಳಬೇಕಾದ ಪ್ರಶ್ನೆ: ಇದು ನನ್ನ ನಡಿಗೆಯನ್ನು ಏನು ಮಾಡಿತು? ಡೊರಿಸ್ ಸಾಲ್ಸೆಡೊ 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನ ದೊಡ್ಡ ಹಜಾರದ ಕಾಂಕ್ರೀಟು ನೆಲದಲ್ಲಿ 167 ಮೀಟರ್ ಉದ್ದದ ಬಿರುಕು ಮಾಡಿದಳು. ಜನ ಬಗ್ಗಿ ನೋಡಿದರು, ದಾಟಿದರು, ಕೆಲವರು ಎಡವಿದರು. ಯಾರು ಈಚೆ, ಯಾರು ಆಚೆ ಎಂಬ ಭೇದಗಳ ಬಗೆಗಿನ ಕೃತಿ ಅದು. ಹೇಳದೆಯೇ ಎಲ್ಲರೂ ಯಾವುದೋ ಒಂದು ಬದಿಯಲ್ಲಿ ನಿಂತಿರುತ್ತಿದ್ದರು. ಪ್ರದರ್ಶನ ಮುಗಿದ ಮೇಲೆ ಮುಚ್ಚಿದರೂ ನೆಲದಲ್ಲಿ ಆ ಗಾಯದ ಗುರುತು ಉಳಿಯಿತು.

ಮುಟ್ಟಬಹುದೇ? ಸುಮ್ಮನೆ ಊಹಿಸಬೇಡಿ, ಕೇಳಿ. ಕೃತಿಯಿಂದ ಕೃತಿಗೆ ಉತ್ತರ ಬದಲಾಗುತ್ತದೆ, ಒಂದೇ ಕೃತಿಗೂ ಬದಲಾಗಬಹುದು. ಅದೇ ಹಜಾರದಲ್ಲಿ 2010ರಲ್ಲಿ ಐ ವೇವೇ ಸುಮಾರು 10 ಕೋಟಿ ಸೂರ್ಯಕಾಂತಿ ಬೀಜಗಳನ್ನು ಹರಡಿದ. ಬೀಜಗಳಲ್ಲ ಅವು, ಚೀನಾದ ಜಿಂಗ್‌ಡೆಜೆನ್‌ನ ಕುಶಲಕರ್ಮಿಗಳು ಪಿಂಗಾಣಿಯಲ್ಲಿ ಮಾಡಿ ಒಂದೊಂದಕ್ಕೂ ಕೈಯಿಂದ ಬಣ್ಣ ಹಾಕಿದವು. ಮೊದಮೊದಲು ಜನ ಅದರ ಮೇಲೆ ನಡೆದರು, ಮಲಗಿದರು, ಬೊಗಸೆಯಲ್ಲಿ ತುಂಬಿಕೊಂಡರು. ಕೆಲವೇ ದಿನಗಳಲ್ಲಿ ಪಿಂಗಾಣಿಯ ಧೂಳು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಹಗ್ಗ ಕಟ್ಟಿದರು. ಇದಕ್ಕೆ ಪೂರ್ತಿ ತದ್ವಿರುದ್ಧ ಫೆಲಿಕ್ಸ್ ಗೊನ್ಜಾಲೆಜ್-ಟೊರೆಸ್ 1991ರಲ್ಲಿ ಮಾಡಿದ ರಾಸ್‌ನ ಭಾವಚಿತ್ರ. ಮೂಲೆಯಲ್ಲಿ ಬಣ್ಣಬಣ್ಣದ ಹೊದಿಕೆಯ ಮಿಠಾಯಿಗಳ ರಾಶಿ, ನೋಡುವವರು ಒಂದನ್ನು ತೆಗೆದುಕೊಳ್ಳಬಹುದು. ರಾಶಿಯ ಆದರ್ಶ ತೂಕ 175 ಪೌಂಡು, ಅಂದರೆ ಸುಮಾರು 79 ಕಿಲೊ. ರಾಸ್ ಅವನ ಸಂಗಾತಿ. ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡ. ಆ ತೂಕವನ್ನು ಒಬ್ಬ ಆರೋಗ್ಯವಂತ ಗಂಡಸಿನ ತೂಕವೆಂದು ಓದುವವರು ಬಹಳ. ಜನ ಒಂದೊಂದಾಗಿ ತೆಗೆದಂತೆ ರಾಶಿ ಕರಗುತ್ತದೆ, ಸಂಗ್ರಹಾಲಯದವರು ಮತ್ತೆ ತುಂಬಬಹುದು. ಇಲ್ಲಿ ಕೈ ಕಟ್ಟಿ ನಿಂತರೆ ಕೃತಿಯನ್ನು ಅರ್ಧ ಮಾತ್ರ ನೋಡಿದಂತೆ.

ಎಚ್ಚರಿಕೆಯ ಫಲಕಗಳಿದ್ದರೆ ಓದಿ. 2018ರಲ್ಲಿ ಪೋರ್ಚುಗಲ್‌ನ ಪೋರ್ಟೊದಲ್ಲಿ ಅನೀಶ್ ಕಪೂರ್ ಕೃತಿಯೊಂದರ ಕಪ್ಪು ವೃತ್ತದೊಳಗೆ ಒಬ್ಬರು ಬಿದ್ದರು. ನೆಲಕ್ಕೆ ಬಳಿದ ಬಣ್ಣದಂತೆ ಕಾಣುತ್ತಿದ್ದದ್ದು ನಿಜಕ್ಕೂ ಸುಮಾರು ಎರಡೂವರೆ ಮೀಟರ್ ಆಳದ ಗುಂಡಿ. ಕಣ್ಣನ್ನು ಹಾಗೆ ಏಮಾರಿಸುವುದೇ ಕೃತಿಯ ಕೆಲಸವಾಗಿತ್ತು, ಪಾಪ ಅವರು ಆಸ್ಪತ್ರೆ ಸೇರಬೇಕಾಯಿತು.

ಕತ್ತಲೆ ಕೋಣೆಯ ವಿಡಿಯೊ

ಬಾಗಿಲಲ್ಲಿ ಅವಧಿ ಬರೆದಿರುತ್ತಾರೆ, ಮೊದಲು ಅದನ್ನು ನೋಡಿ. ಎಂಟು ನಿಮಿಷದ್ದಾದರೆ ಪೂರ್ತಿ ಕೂರಿ. ಹೆಚ್ಚಿನವು ಮುಗಿದ ಕೂಡಲೇ ಮತ್ತೆ ಶುರುವಾಗುತ್ತವೆ, ಹಾಗಾಗಿ ನಡುವೆ ಹೊಕ್ಕರೂ ನಷ್ಟವಿಲ್ಲ. ಒಂದು ಗಂಟೆ ಮೀರಿದ್ದಾದರೆ ಹದಿನೈದು ನಿಮಿಷ ಕೊಟ್ಟು ಎದ್ದುಬನ್ನಿ, ಪಾಪಪ್ರಜ್ಞೆ ಬೇಡ. ಕ್ರಿಶ್ಚಿಯನ್ ಮಾರ್ಕ್ಲೆಯ ‘ದ ಕ್ಲಾಕ್’ 24 ಗಂಟೆ ಉದ್ದ. ಸಾವಿರಾರು ಸಿನಿಮಾಗಳಿಂದ ಗಡಿಯಾರ ಕಾಣುವ, ಸಮಯ ಹೇಳುವ ತುಣುಕುಗಳನ್ನು ಆಯ್ದು ಹೊಂದಿಸಿದ್ದು. ಪರದೆಯ ಮೇಲೆ ಮೂರೂ ಹತ್ತು ಆದಾಗ ನಿಮ್ಮ ಕೈಗಡಿಯಾರದಲ್ಲೂ ಮೂರೂ ಹತ್ತೇ. ಅದನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ನೋಡಬೇಕೆಂದಿಲ್ಲ.

ಗೋಡೆಯ ಮೇಲಿನ ದೊಡ್ಡ ಬರಹ

ಪ್ರದರ್ಶನದ ಬಾಗಿಲಲ್ಲೇ ಕ್ಯುರೇಟರ್ (ಕೃತಿಗಳನ್ನು ಆಯ್ದು ಪ್ರದರ್ಶನ ರೂಪಿಸಿದವರು) ಬರೆದ ಒಂದು ಉದ್ದ ಟಿಪ್ಪಣಿ ಇರುತ್ತದೆ. ಇದನ್ನು ಕೊನೆಗೆ ಓದಿ. ಎಷ್ಟೋ ಟಿಪ್ಪಣಿಗಳು ಕಬ್ಬಿಣದ ಕಡಲೆ: ‘ದೇಹ ಮತ್ತು ಸ್ಮೃತಿಯ ಭೌಗೋಳಿಕತೆಯನ್ನು ವಿಚಲಿತಗೊಳಿಸುವ’ ಎಂಬ ಧಾಟಿಯವು. ಅದು ಅರ್ಥವಾಗದಿದ್ದರೆ ತಪ್ಪು ನಿಮ್ಮದೇ ಎಂದು ತಿಳಿಯಬೇಕಾಗಿಲ್ಲ. ನಾನು ಮಾಡುವುದು ಇಷ್ಟು. ಅದರಲ್ಲಿ ಘಟನೆಗಳನ್ನು ಮಾತ್ರ ಹೆಕ್ಕುತ್ತೇನೆ: ಕಲಾವಿದೆ ಎಲ್ಲಿದ್ದಳು, ಯಾವ ವರ್ಷ ಏನಾಯಿತು, ಈ ವಸ್ತು ಎಲ್ಲಿಂದ ತಂದಳು. ವಿಶೇಷಣಗಳನ್ನು ಅಲ್ಲೇ ಬಿಡುತ್ತೇನೆ. ನಾಲ್ಕು ಪ್ಯಾರಾದಲ್ಲಿ ಮೂರು ಘಟನೆ ಸಿಕ್ಕರೆ ಒಳ್ಳೆಯ ಟಿಪ್ಪಣಿ. ಒಂದೂ ಸಿಗದಿದ್ದರೆ ಕೃತಿಗೇ ಹಿಂತಿರುಗುವುದು ವಾಸಿ.

ಕೆಲವೊಮ್ಮೆ ಮಾತ್ರ ಒಂದೇ ಒಂದು ನಿಯಮ ತಿಳಿದರೆ ಕೃತಿ ತೆರೆದುಕೊಳ್ಳುತ್ತದೆ. ಜಪಾನಿನ ಕಲಾವಿದ ಆನ್ ಕವಾರಾ 1966ರ ಜನವರಿ 4ರಂದು ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಅಂದಿನ ತಾರೀಖನ್ನು ಮಾತ್ರ ಬರೆದು ಒಂದು ಚಿತ್ರ ಮಾಡಿದ. ಆಮೇಲೆ ದಶಕಗಳ ಕಾಲ ಮಾಡುತ್ತಲೇ ಹೋದ. ಗೋಡೆಯ ಮೇಲೆ ನೋಡಿದರೆ ಹರಿದ ಕ್ಯಾಲೆಂಡರ್ ನೆನಪಾಗುತ್ತದೆ. ನಿಯಮ ಏನೆಂದರೆ, ಆ ದಿನದ ಮಧ್ಯರಾತ್ರಿಯೊಳಗೆ ಮುಗಿಯದ ಚಿತ್ರವನ್ನು ನಾಶ ಮಾಡಬೇಕು. ಇದನ್ನು ಓದಿ ಮತ್ತೆ ತಲೆಯೆತ್ತಿದೆ. ಗೋಡೆಯ ಮೇಲಿದ್ದವೆಲ್ಲ ಗಡಿಯಾರದ ಜೊತೆ ಓಡಿ ಗೆದ್ದ ದಿನಗಳು.

ಯಾರನ್ನು ಕೇಳುವುದು

ಕಾವಲಿನವರನ್ನು. ನನ್ನ ಬಿಳಿ ಪೆಟ್ಟಿಗೆಯ ಕತೆ ಗೊತ್ತಿದ್ದೂ ಹೇಳುತ್ತಿದ್ದೇನೆ. ಆ ಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ಇರುವವರು ಅವರೇ. ‘ಜನ ಇದರ ಮುಂದೆ ಏನು ಮಾಡುತ್ತಾರೆ?’ ಎಂದು ಕೇಳಿ ನೋಡಿ. ಯಾವ ಕೃತಿಯ ಮುಂದೆ ಮಕ್ಕಳು ಓಡಿಬರುತ್ತಾರೆ, ಯಾವುದರ ಮುಂದೆ ಒಬ್ಬರು ಅತ್ತರು, ಯಾವುದು ಮಧ್ಯಾಹ್ನದ ಬೆಳಕಿಗೆ ಬೇರೆ ಬಣ್ಣ ತಾಳುತ್ತದೆ ಎಂದೆಲ್ಲ ಅವರು ಹೇಳಿದ್ದು ನನಗೆ ಯಾವ ಕೈಪಿಡಿಯಲ್ಲೂ ಸಿಕ್ಕಿಲ್ಲ. ಮಾರುವ ಗ್ಯಾಲರಿಯ ಮೇಜಿನ ಹಿಂದೆ ಕೂತವರೂ ಕೇಳಿದರೆ ಮಾತಾಡುತ್ತಾರೆ. ಕೇಳದಿದ್ದರೆ ಕಂಪ್ಯೂಟರ್ ಪರದೆ ನೋಡುತ್ತಿರುತ್ತಾರೆ. ಕಲಾವಿದರೇ ಬಂದು ಮಾತಾಡುವ ದಿನ ಇದ್ದರೆ ‘ನಿಮಗೆ ಪ್ರೇರಣೆ ಏನು’ ಎಂದು ಕೇಳಬೇಡಿ, ಆ ಉತ್ತರ ಅವರಿಗೆ ಬಾಯಿಪಾಠವಾಗಿರುತ್ತದೆ. ‘ಇದನ್ನು ಮಾಡುವಾಗ ಏನು ಕೈಕೊಟ್ಟಿತು?’ ಎಂದು ಕೇಳಿದರೆ ಮುಖ ಅರಳುತ್ತದೆ.

ಜೊತೆಗೆ ಯಾರನ್ನಾದರೂ ಕರೆದೊಯ್ಯುವುದಾದರೆ ನಿಮಗಿಂತ ಹೆಚ್ಚು ಬಲ್ಲವರನ್ನು ಮೊದಲ ಎರಡು ಮೂರು ಸಲ ಬೇಡ. ಅವರ ಕಣ್ಣಿನಿಂದಲೇ ನೋಡುವುದಾಗುತ್ತದೆ. ಏಳೆಂಟು ವರ್ಷದ ಮಗು ಉತ್ತಮ. ‘ಇದರಲ್ಲಿ ಒಂದು ಮೊಳೆ ಇಲ್ಲ’ ಎಂಬುದನ್ನು ಅದು ಮೊದಲು ಕಾಣುತ್ತದೆ.

ಹಿಡಿಸದಿದ್ದರೆ

ಒಂದೂವರೆ ಗಂಟೆಗಿಂತ ಹೆಚ್ಚು ಇರಬೇಡಿ. ಆಮೇಲೆ ಕಣ್ಣು ನೋಡುತ್ತದೆ, ತಲೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊರಗೆ ಬಂದು ಫೋಟೊ ತಿರುವಿಹಾಕುವ ಮೊದಲು ಮೂರು ಕೃತಿಗಳ ಬಗ್ಗೆ ನೆನಪಿನಿಂದ ಒಂದೆರಡು ಸಾಲು ಗೀಚಿಕೊಳ್ಳಿ. ನೆನಪು ತಪ್ಪಾಗಿದ್ದರೂ ಅಡ್ಡಿಯಿಲ್ಲ. ನಾನು ನೀಲಿ ಎಂದು ಬರೆದುಕೊಂಡಿದ್ದೊಂದು ಮತ್ತೆ ಹೋಗಿ ನೋಡಿದರೆ ಬೂದು ಬಣ್ಣದ್ದಾಗಿತ್ತು. ಆ ಬೂದು ಪಕ್ಕದ ಕಿತ್ತಳೆಯಿಂದ ನೀಲಿಯಾಗಿ ಕಂಡಿತ್ತು ಎಂಬುದು ಆಗಲೇ ತಿಳಿದದ್ದು.

‘ಚೆನ್ನಾಗಿಲ್ಲ’ ಎಂದಷ್ಟೇ ಬರೆಯಬೇಡಿ. ಯಾವುದು ಚೆನ್ನಾಗಿಲ್ಲ? ಬಳಸಿದ ವಸ್ತು ಸುಮ್ಮನೆ ಬೆರಗುಗೊಳಿಸಲು ಬಂದಂತಿದೆಯೇ? ಟಿಪ್ಪಣಿ ಹೇಳುವುದು ಕೃತಿಯಲ್ಲಿ ಕಾಣುತ್ತಿಲ್ಲವೇ? ಅಥವಾ ಇದನ್ನೇ ಇನ್ನೊಬ್ಬರು ಇನ್ನೂ ಚೆನ್ನಾಗಿ ಮಾಡಿದ್ದನ್ನು ನೋಡಿದ್ದೀರಾ? ಸಮಕಾಲೀನ ಕಲೆಯಲ್ಲಿ ಕೆಟ್ಟ ಕೆಲಸ ಧಾರಾಳವಾಗಿದೆ. ಕಾಲ ಅದನ್ನಿನ್ನೂ ಜರಡಿ ಹಿಡಿದಿಲ್ಲ. ಆ ಜರಡಿ ಹಿಡಿಯುವ ಕೆಲಸ ಸದ್ಯಕ್ಕೆ ನಮ್ಮ ಪಾಲಿಗೆ ಬಂದಿದೆ. ನನಗೆ ಸಿಟ್ಟು ಬರಿಸಿದ ಒಂದು ಕೃತಿಯನ್ನು, ಕನ್ನಡಿ ಚೂರುಗಳನ್ನು ನೇತುಹಾಕಿದ್ದು, ಪ್ರದರ್ಶನ ಮುಗಿಯುವುದರೊಳಗೆ ಮೂರು ಸಲ ಹೋಗಿ ನೋಡಿದೆ. ಮೂರನೆಯ ಸಲವೂ ಹಿಡಿಸಲಿಲ್ಲ. ಆದರೆ ಯಾಕೆ ಎಂದು ಈಗ ಎರಡು ಪುಟ ಬರೆಯಬಲ್ಲೆ. ಬರೆದೂ ಇಟ್ಟಿದ್ದೇನೆ.